ಖಾದರಸಾಬ ಬಿಟ್ಟುಹೋದ ಗಾಡಿ

ಬಾಡಿಗೆಗೆ ಓಡಿ ಓಡಿ ಸವೆದ ಆ ಕಾರನ್ನು ನಮ್ಮ ಕಾಕಾ ಕೊಂಡದ್ದು ನನ್ನ ಮಂಗಚೇಷ್ಟೆಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಡೆದದ್ದನ್ನೆಲ್ಲ ಓದಿ ನೀವು ಕಾಕಾನನ್ನು ದಡ್ಡ ಅಂದುಕೊಳ್ಳುತ್ತೀರಿ. ದಡ್ಡ ಅವನಲ್ಲ. ಇನ್ನೊಂದು ಮಾತು: ದೆವ್ವ, ಆತ್ಮ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ನಂಬದಿರುವುದಷ್ಟೇ ಅಲ್ಲ, ಮೈಮೇಲೆ ಬಂದವರು ಹೇಗೆ ಕೂಗುತ್ತಾರೆ, ಅದನ್ನು ಬಿಡಿಸಲು ಬಂದವರು ಹೇಗೆ ಅದಕ್ಕಿಂತ ಜೋರಾಗಿ ಕೂಗುತ್ತಾರೆ ಎಂಬುದನ್ನು ಎರಡೂ ದನಿಯಲ್ಲಿ ಮಾಡಿ ತೋರಿಸಿ ಜನರನ್ನು ನಗಿಸುತ್ತಿದ್ದೆ.

ಆಗ ನನಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ದಾಂಡೇಲಿಯ ಅಂಬೇವಾಡಿಯಲ್ಲಿ ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕೂ ಇವರ ಜೊತೆ ಇದ್ದೆ. ಕಾಕಾ ಕಾಗದದ ಕಾರ್ಖಾನೆಯಲ್ಲಿ ಫಿಟರ್. ನನ್ನನ್ನೂ ಅಲ್ಲೇ ಎಲ್ಲಾದರೂ ತೂರಿಸಬೇಕೆಂದು ಧಾರವಾಡದ ಕಡೆಯ ನಮ್ಮೂರಿಂದ ಕರೆಸಿಕೊಂಡಿದ್ದ. ನಾನು ತೂರಿಕೊಂಡದ್ದು ಮಾತ್ರ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ. ಅಲ್ಲಿ ಕೂತು ಯಾರು ಬಂದರೆ ಅವರ ನಡಿಗೆ, ಕೆಮ್ಮು, ಮಾತು ಕದಿಯುವುದೇ ಉದ್ಯೋಗ. ಕೆಲಸಕ್ಕೆ ಕರೆಯುವ ಕಾರ್ಖಾನೆಯ ಭೋಂಗಾ ಎಷ್ಟು ಚೆನ್ನಾಗಿ ಕೂಗುತ್ತಿದ್ದೆನೆಂದರೆ ಒಮ್ಮೆ ನೆರೆಯ ದತ್ತೋಬಾ ಊಟ ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಓಡಿದ್ದ. ನಾನು ನನ್ನ ಸ್ವಂತ ದನಿಯಲ್ಲಿ ಮಾತಾಡಿದರೆ ಕಾಕೂ, "ಇದು ಯಾರದೋ? ಚಲೋ ಇಲ್ಲ ಬಿಡು" ಅನ್ನುತ್ತಿದ್ದಳು.

ನನ್ನ ನಕಲುಗಳಲ್ಲೆಲ್ಲ ಹೆಸರಾದದ್ದು ಖಾದರಸಾಬ. ದಾಂಡೇಲಿಗೂ ಹಳಿಯಾಳಕ್ಕೂ ಬಾಡಿಗೆ ಕಾರು ಓಡಿಸುತ್ತಿದ್ದ ಮುದುಕ. ಗಾಡಿ ಹಳಿಯಾಳದ ಒಬ್ಬ ಮಾಲಕರದು, ಆದರೆ ಅದನ್ನು ಮುಟ್ಟುತ್ತಿದ್ದವನು ಇವನೊಬ್ಬನೇ. ಒಳಗೆ ಒಂಬತ್ತು ಜನ ಕೂತಿದ್ದರೂ ಹೊರಗೆ ನಿಂತು "ಹಳ್ಯಾಳ, ಹಳ್ಯಾಳ, ಒಂದ ಸೀಟ್ ಖಾಲಿ!" ಎಂದು ಕೂಗುವನು. ಗಾಡಿ ಹಟ ಹಿಡಿದರೆ ಬಾನೆಟ್ ಮೇಲೆ ಅಂಗೈಯಿಟ್ಟು, ಗಂಟಲು ಕೆರೆದು, "ಮುನಿಸ್ಕೋಬ್ಯಾಡ ಬೇಟಿ, ಮಂದಿ ಕಾಯಾಕತ್ತಾರ" ಅನ್ನುವನು. ಬಾಯಲ್ಲಿ ಯಾವಾಗಲೂ ಬೀಡಿ. ಅವನೆದುರೇ ನಾನು ಅವನ ನಕಲು ಮಾಡಿದರೆ, "ಈ ಹುಡುಗಗ ನನ್ನ ದನಿ ಕೊಟ್ಟ ಹೋಗ್ತೇನಿ, ಗಂಟಲಷ್ಟ ಅಂವಾ ತಂದು ಇಟ್ಕೊಳ್ಲಿ" ಎಂದು ನಗುತ್ತಿದ್ದ. ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಮಾಲಕರು ಗಾಡಿಯನ್ನು ಮಾರಾಟಕ್ಕಿಟ್ಟರು.

ಕಾಕಾನಿಗೆ ಕಾರು ಯಾಕೆ ಬೇಕಾಗಿತ್ತು ಎಂಬುದು ಇಡೀ ಅಂಬೇವಾಡಿಗೆ ಗೊತ್ತಿತ್ತು. ಕಾಕೂನ ತವರು ಮುಂಡಗೋಡದ ಹತ್ತಿರದ ಇಂದೂರ. ಅವಳಿಗೆ ಬಸ್ಸು ಆಗುತ್ತಿರಲಿಲ್ಲ. ಹತ್ತಿ ಕೂತ ಸ್ವಲ್ಪ ಹೊತ್ತಿಗೇ ಹೊಟ್ಟೆ ತೊಳಸಿ, ವಾಂತಿಯಾಗಿ, ಹಳಿಯಾಳ ಮುಟ್ಟುವುದರಲ್ಲಿ ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿದ್ದವು. ಅಲ್ಲಿಂದಲೇ ತಿರುಗಿ ಕರೆತರಬೇಕು. ಹೀಗೆ ಎಷ್ಟೋ ನಾಗರಪಂಚಮಿಗಳು ತವರಿಲ್ಲದೆ ಕಳೆದವು. ಆ ವರ್ಷ ಇಂದೂರಿನಿಂದ ಅವಳ ಅಣ್ಣ ಬಂದು, "ಅವ್ವನ ಕಣ್ಣಿಗೆ ಪೊರೆ ಬಂದೈತಿ. ಪೂರ್ತಿ ಮುಚ್ಚೂದರೊಳಗ ಒಮ್ಮೆ ಮಗಳ ಮಾರಿ ನೋಡ್ತೇನಿ ಅಂತಾಳ" ಎಂದು ಹೇಳಿಹೋದ. ಕಾಕೂ ಅಂದು ರೊಟ್ಟಿ ಬಡಿಯುತ್ತ ಬಡಿಯುತ್ತ ಅತ್ತಳು. ಕಾಕಾ ಮರುದಿನವೇ ಕಾರು ಹುಡುಕಲು ಹೊರಟ. ಸ್ವಂತ ಗಾಡಿಯಾದರೆ ಬೇಕಾದಲ್ಲಿ ನಿಲ್ಲಿಸುತ್ತ, ಗಾಳಿ ತಗೊಳ್ಳುತ್ತ, ಎತ್ತಿನ ಗಾಡಿಯಂತೆ ನಿಧಾನವಾಗಿ ಕರೆದೊಯ್ಯಬಹುದು ಎಂಬುದು ಅವನ ಲೆಕ್ಕ. ಕಾರ್ಖಾನೆಯ ಲಾರಿ ಓಡಿಸಿ ಕೈ ಪಳಗಿತ್ತು. ಆದರೆ ಫಿಟರನ ಕೈಗೆ ಎಟಕುವುದು ಹಳೆಯ ಬಾಡಿಗೆ ಗಾಡಿಯೇ.

ದತ್ತೋಬಾ ಬೆಳಗಾವಿ ಕಡೆಯವನು, ಎಲ್ಲದಕ್ಕೂ ಬುದ್ಧಿ ಹೇಳುವವನು. "ಅರೆ ಬಾಬಾ, ಬಾಡಿಗಿ ಕುದರಿ, ಬಾಡಿಗಿ ಗಾಡಿ ಎರಡೂ ಮನಿಗೆ ತರಬಾರದು. ಯಾರ್ಯಾರ ಕೂತಾರೋ, ಯಾವ್ಯಾವ ಹೆಣಾ ಹೊತ್ತೈತೋ" ಎಂದ. ಕಾಕಾ ಹೆಣಕ್ಕೆ ಹೆದರುವವನಲ್ಲ, ಆದರೆ ಇಂಜಿನ್ನಿಗೆ ಹೆದರುತ್ತಿದ್ದ. ಹಳಿಯಾಳದ ಮಾಲಕರ ಅಂಗಳದಲ್ಲಿ ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು, ದವಾಖಾನೆಯ ಡಾಕ್ಟರನಂತೆ ಮುಖ ಮಾಡಿಕೊಂಡು ನಿಂತ. ಕೇಳಬೇಕೆಂದರೆ ಗಾಡಿ ಚಾಲೂ ಆಗಬೇಕಲ್ಲ? ಆಗಲಿಲ್ಲ. ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಹೊಡೆದು ಹೊಡೆದು ಮಾಲಕರ ಆಳು ಸುಸ್ತಾದ. ಕಾಕಾ "ಬ್ಯಾಡ ಬಿಡ್ರಿ" ಎಂದು ಕೈ ಒರೆಸಿಕೊಂಡ.

ಆಗ ನೆರೆದವರನ್ನು ನಗಿಸೋಣ ಎಂದು ನಾನು ಮುಂದೆ ಹೋಗಿ ಬಾನೆಟ್ ಮೇಲೆ ಅಂಗೈಯಿಟ್ಟೆ. ಗಂಟಲು ಕೆರೆದೆ. "ಮುನಿಸ್ಕೋಬ್ಯಾಡ ಬೇಟಿ, ಮಂದಿ ಕಾಯಾಕತ್ತಾರ" ಎಂದೆ. ಆಳು ಅರೆಮನಸ್ಸಿನಿಂದ ಒಂದು ಹ್ಯಾಂಡಲ್ ಹೊಡೆದ. ಗಾಡಿ ಚಾಲೂ ಆಯಿತು! ಎಲ್ಲರೂ ನಕ್ಕರು. ಮಾಲಕರು ಮಾತ್ರ ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು. ಇಂಜಿನ್ನಿನೊಳಗೆ ಹೆಚ್ಚಾಗಿ ಸುರಿದು ನಿಂತಿದ್ದ ಪೆಟ್ರೋಲು ಅಷ್ಟು ಹೊತ್ತಿಗೆ ಆರಿರಬೇಕು, ಅಷ್ಟೇ. ಕಾಕಾನಿಗೂ ಅದು ಗೊತ್ತು. ಆದರೂ ಹೆಂಡತಿಯನ್ನು ತವರಿಗೆ ಕರೆದೊಯ್ಯಬೇಕು ಎಂದು ಹೊರಟ ಗಂಡಸಿಗೆ ಒಂದು ಶುಭಶಕುನ ಸಾಕು. ವ್ಯಾಪಾರ ಮುಗಿಯಿತು.

ಮನೆ ಮುಂದೆ ಗಾಡಿ ನಿಂತಾಗ ಕಾಕೂ ಹೊಸ್ತಿಲಲ್ಲೇ ನಿಂತಳು. ಅದನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. "ನಾ ಇದರಾಗ ಕೂಡಂಗಿಲ್ಲ." ಕಾರಣ ಕೇಳಿದರೆ ಒಲೆ ಊದತೊಡಗಿದಳು. ಎಲ್ಲರ ಎಂಜಲು ಸೀಟು ಎಂದು ಹೇಸಿಗೆ ಇರಬೇಕೆಂದು ನಾವು ತಿಳಿದೆವು. ಸೀಟು ತೊಳೆದೆವು. ಬಾನೆಟ್ಟಿಗೆ ವಿಭೂತಿ ಬಳಿದೆವು. ಕಾಕಾ ಬೇಡಿಕೊಂಡ, ಬೈದ. ಕೊನೆಗೆ, "ನಿಮ್ಮಪ್ಪ ತೀರಿಕೊಂಡಾಗ ನನಗ ಪಾಳಿ ಇತ್ತು, ಒಬ್ಬಾಕೀನ ಬಸ್ಸಿನ್ಯಾಗ ಮಣ್ಣಿಗೆ ಹೋದಿ. ಸತ್ತವರಿಗೆ ಹೋದಾಕಿ ಬದುಕಿದವರಿಗೆ ಹೋಗಂಗಿಲ್ಲೇನ?" ಎಂದ. ಕಾಕೂ ತಲೆ ತಗ್ಗಿಸಿದಳು. ಮರುದಿನ ತಾನೇ ಒಂದು ಜಮಖಾನೆ ತಂದು ಹಿಂದಿನ ಸೀಟಿನ ಮೇಲೆ ಹಾಸಿ, ನಿಂಬೆಹಣ್ಣು ಹಿಡಿದು ಕೂತಳು.

ಮುಂದೆ ಕಾಕಾನ ಪಕ್ಕದಲ್ಲಿ ನಾನು. ನಮ್ಮ ಕಡೆ ಅದೇ ಪದ್ಧತಿ. ಗಂಡಸರು ಮುಂದೆ, ಹೆಂಗಸರು ಹಿಂದೆ. ಗಂಡನೇ ಗಾಡಿ ಹೊಡೆಯುತ್ತಿದ್ದರೂ ಹೆಂಡತಿ ಪಕ್ಕದಲ್ಲಿ ಕೂತರೆ ಊರು ಬಾಯಿಗೆ ಕೈಯಿಡುತ್ತಿತ್ತು. ಬಸ್ಸಿನಲ್ಲೂ ಕಾಕೂ ಹಿಂದಿನ ಸಾಲು ಹುಡುಕಿಕೊಂಡು ಹೋಗುವವಳು. ಹಳಿಯಾಳ ದಾಟುವಷ್ಟರಲ್ಲಿ ಅವಳ ಮುಖ ಹಿಟ್ಟಿನಂತಾಗಿತ್ತು. ಅಲ್ಲಲ್ಲಿ ನಿಲ್ಲಿಸಿದೆವು, ನೀರು ಕುಡಿಸಿದೆವು. ಕಲಘಟಗಿಯ ದಾರಿಯಲ್ಲಿ ಸಾಗವಾನಿಯ ಅಡವಿ ಹೊಕ್ಕಾಗ ಅವಳು, "ತಿರುಗಸ್ರಿ. ನನ್ನ ಕೈಲೆ ಆಗೂದಿಲ್ಲ. ಅವ್ವನ ಹಣಿಬಾರದಾಗ ನನ್ನ ಮಾರಿ ಇಲ್ಲ" ಎಂದಳು. ಕಾಕಾ ಉತ್ತರ ಕೊಡುವ ಮೊದಲೇ ಗಾಡಿ ಎರಡು ಸಲ ಬಿಕ್ಕಿ ನಿಂತುಬಿಟ್ಟಿತು.

ಹೊತ್ತು ಮುಳುಗುತ್ತಿತ್ತು. ಕಾಕಾ ತಂತಿ ನೋಡಿದ, ಪ್ಲಗ್ ಬಿಚ್ಚಿ ಒರೆಸಿದ, ಹ್ಯಾಂಡಲ್ ಹೊಡೆದ. ಏನೂ ಆಗಲಿಲ್ಲ. ಹಿಂದಿನಿಂದ ಒಂದು ಲಾರಿಯೂ ಬರಲಿಲ್ಲ. ಕಾಕಾ ಸೋತು ನನ್ನ ಕಡೆ ತಿರುಗಿ, "ಮಾಡಪಾ ನಿನ್ನ ಆಟಾ, ಅದೊಂದ ಉಳದೈತಿ" ಎಂದ.

ನಾನು ನಗುತ್ತಲೇ ಹೋದೆ. ಬಾನೆಟ್ ಮೇಲೆ ಅಂಗೈ, ಗಂಟಲು ಕೆರೆಯುವುದು, "ಮುನಿಸ್ಕೋಬ್ಯಾಡ ಬೇಟಿ." ಇಲ್ಲಿಯವರೆಗೆ ಅದು ನನ್ನ ಆಟ. ಇದಾದ ಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ನಾನು ಕಾಕೂನ ಕಿಟಕಿಯ ಕಡೆ ತಿರುಗಿದ್ದೆನಂತೆ. ತಿರುಗಿದ್ದು ನನಗೆ ನೆನಪಿಲ್ಲ, ಕಾಕಾ ಹೇಳಿದ್ದು. ಮಾತು ಮಾತ್ರ ಒಂದೊಂದೂ ನೆನಪಿದೆ, ಯಾಕೆಂದರೆ ನಾನೂ ಅದನ್ನು ಬೇರೆಯವರ ಮಾತಿನಂತೆ ಕೇಳುತ್ತಿದ್ದೆ.

"ಇಂದೂರ ಬೇಟಿ, ಹಿಂದ ಕುಂತ್ರ ಹೊಟ್ಟಿ ತೊಳಸ್ತದವ್ವಾ. ಮುಂದ ಬಾ. ಲವಂಗ ಬಾಯಾಗ ಇಡು. ದೂರಿನ ಗಿಡಾ ನೋಡು, ಸನೇದ್ದು ನೋಡಬ್ಯಾಡ. ಯಾರೇನಂದಾರು? ನಾ ನಿಮ್ಮಪ್ಪನ ವಯಸ್ಸಿನಾಂವ."

ಕಾಕೂ ಬಾಗಿಲು ತೆಗೆದು ಇಳಿದಳು. ಅವಳ ಕೈಯಿಂದ ನಿಂಬೆಹಣ್ಣು ಬಿದ್ದು ಉರುಳಿಹೋಯಿತು. ಅವಳು ಅದನ್ನು ನೋಡಲಿಲ್ಲ. ನೆಟ್ಟಗೆ ಮುಂದೆ ಬಂದು, ನನ್ನ ಸೀಟಿನಲ್ಲಿ ಕೂತು, ಸೆರಗು ಹೊದ್ದುಕೊಂಡು, "ಹಚ್ರಿ ಗಾಡಿ" ಎಂದಳು. ಕಾಕಾ ಹ್ಯಾಂಡಲ್ ಹೊಡೆದ. ಮೊದಲ ಏಟಿಗೇ ಚಾಲೂ ಆಯಿತು. ನನಗೆ ಈಗ ಹಿಂದಿನ ಸೀಟೇ ಉಳಿದಿತ್ತು. ಹಿಂದೆ ಹೋಗಿ ಜಮಖಾನೆಯ ಮೇಲೆ ಕುಸಿದೆ.

ಅಲ್ಲಿಂದ ತಡಸ ದಾಟಿ ಇಂದೂರ ಮುಟ್ಟುವವರೆಗೆ ಕಾಕೂ ದೂರದ ಗಿಡಗಳ ಸಾಲನ್ನೇ ನೋಡುತ್ತ ಕೂತಿದ್ದಳು. ಕತ್ತಲಾದ ಮೇಲೆ ದೀಪದ ಬೆಳಕು ಬಿದ್ದಷ್ಟು ದೂರ ನೋಡಿದಳು. ಒಮ್ಮೆಯೂ ಹೊಟ್ಟೆ ತೊಳಸಲಿಲ್ಲ. ವಾಂತಿ ಮಾಡಿಕೊಂಡವನು ನಾನು. ಎರಡು ಸಲ ನಿಲ್ಲಿಸಬೇಕಾಯಿತು, ಕಾಕಾ ಎರಡೂ ಸಲ ಬೈದ.

ಅವ್ವ ಮಗಳನ್ನು ಕಂದೀಲಿನ ಬುಡಕ್ಕೆ ಎಳೆದುಕೊಂಡು ಹೋಗಿ, ಗದ್ದ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು. "ಬಣ್ಣಾ ಹೋಗೈತಿ. ಮೂಗು ಇನ್ನೂ ನಿಮ್ಮಪ್ಪಂದ ಐತಿ" ಎಂದಳು. ಇಬ್ಬರೂ ಎಷ್ಟು ನಕ್ಕರೆಂದರೆ ದನದ ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು.

ಕಾಕೂ ನಮಗೆ ಹೇಳಿದ್ದು ಮರುದಿನ, ಹಿತ್ತಲಲ್ಲಿ, ಮೂವರೇ ಇದ್ದಾಗ. ತಂದೆಯ ಮಣ್ಣಿಗೆ ಅವಳು ಬಸ್ಸಿನಲ್ಲಿ ಹೋಗಿರಲಿಲ್ಲ. ಅಂದು ಬಸ್ಸು ತಪ್ಪಿತ್ತು. ಸ್ಟ್ಯಾಂಡಿನಲ್ಲಿ ಅಳುತ್ತ ನಿಂತವಳನ್ನು ಖಾದರಸಾಬ ಇದೇ ಗಾಡಿಗೆ ಹತ್ತಿಸಿಕೊಂಡ. ಹಳಿಯಾಳದಲ್ಲಿ ಉಳಿದವರನ್ನೆಲ್ಲ ಇಳಿಸಿ, ಇವಳೊಬ್ಬಳನ್ನು ಇಂದೂರಿನವರೆಗೂ ಮುಟ್ಟಿಸಿದ. ಆ ಅಡವಿಯ ದಾರಿಯಲ್ಲಿ ಇವಳಿಗೆ ಹೊಟ್ಟೆ ತೊಳಸಿದಾಗ ಗಾಡಿ ನಿಲ್ಲಿಸಿ, ಆ ಮಾತುಗಳನ್ನೇ ಹೇಳಿ, ಮುಂದೆ ಕೂಡಿಸಿ, ಕಿಸೆಯಿಂದ ಲವಂಗ ತೆಗೆದುಕೊಟ್ಟ. ಪರಪುರುಷನ ಪಕ್ಕ ಕೂತು ಬಂದಳೆಂದು ಆಡಿಕೊಂಡಾರೆಂದು ಅವಳು ಊರ ಹೊರಗೇ ಇಳಿದು ನಡೆದುಬಂದಿದ್ದಳು. ಬಸ್ಸಿನಲ್ಲಿ ಬಂದೆ ಎಂದು ಎರಡೂ ಮನೆಯಲ್ಲಿ ಹೇಳಿದ್ದಳು. ಮುಂದೆ ಕೂತರೆ ತನಗೇನೂ ಆಗದು ಎಂಬುದು ಅಂದಿನಿಂದ ಅವಳಿಗೆ ಗೊತ್ತಿತ್ತು. ಹೇಳಿದರೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರಲ್ಲ?

"ನನಗರ ಹೇಳಬಾರದಾಗಿತ್ತೇನ?" ಎಂದ ಕಾಕಾ.

"ಆಗ ಲಗ್ನಾಗಿ ವರ್ಷ ಆಗಿದ್ದಿಲ್ಲ. ನೀವು ಎಂಥಾವ್ರು ಅಂತ ನನಗೇನ ಗೊತ್ತು?" ಎಂದಳು ಕಾಕೂ. ಕಾಕಾ ಎದ್ದುಹೋಗಿ ಜಮಖಾನೆಯನ್ನು ಹಿಂದಿನ ಸೀಟಿನಿಂದ ತೆಗೆದು ಮುಂದಿನದಕ್ಕೆ ಹಾಸಿದ.

ಅವಳ ತಂದೆ ತೀರಿಕೊಂಡಾಗ ನಾನು ದಾಂಡೇಲಿಯನ್ನು ಕಂಡಿರಲಿಲ್ಲ, ನಮ್ಮೂರ ಶಾಲೆಯಲ್ಲಿ ಮೂಗು ಸುರಿಸುತ್ತಿದ್ದೆ. ಖಾದರಸಾಬ ಈ ಕಥೆಯನ್ನು ನನ್ನೆದುರು ಎಂದೂ ಹೇಳಿರಲಿಲ್ಲ. ಚಹಾ ಅಂಗಡಿಯವನನ್ನು ಕೇಳಿದೆ, ಅವನಿಗೂ ಗೊತ್ತಿರಲಿಲ್ಲ. ನಕಲು ಮಾಡುವವರಿಗೆ ಒಂದು ಚಾಳಿ ಉಂಟು, ದನಿ ಸಿಕ್ಕಿತೆಂದರೆ ಮಾತು ತಾನಾಗಿ ಹುಟ್ಟುತ್ತದೆ. ಹಾಗೆ ಹುಟ್ಟಿದ್ದು ಎನ್ನೋಣವೇ? ಹಾಗಾದರೆ ನನ್ನ ಖಾದರಸಾಬ ಬೀಡಿಯ ಮಾತಾಡಬೇಕಿತ್ತು. ಲವಂಗ ಎಲ್ಲಿಂದ ಬಂತು? ಆಮೇಲೆ ಎಷ್ಟೋ ಸಲ ಒಬ್ಬನೇ ಆ ಗಾಡಿಯೆದುರು ನಿಂತು ಅವನ ದನಿಯಲ್ಲಿ ಮಾತಾಡಿ ನೋಡಿದ್ದೇನೆ. ದನಿ ಬರುತ್ತದೆ. ಮಾತು ಹಳೆಯವೇ. ಇಂದಿಗೂ ನನಗೆ ಇದರ ತಲೆಬುಡ ತಿಳಿದಿಲ್ಲ. ಯಾರಾದರೂ ಬಾಡಿಗೆಗೆ ಓಡಿದ ಗಾಡಿ ಕೊಳ್ಳಬಹುದೇ ಎಂದು ಕೇಳಿದರೆ ಕ್ಲಚ್ಚು, ಟೈರು ನೋಡಿಕೊಳ್ಳಿ ಎನ್ನುತ್ತೇನೆ. ಉಳಿದದ್ದನ್ನು ಹೇಗೆ ನೋಡಿಕೊಳ್ಳುವುದೋ ಗೊತ್ತಿಲ್ಲ.

ದತ್ತೋಬಾನಿಗೆ ಮಾತ್ರ ಎಲ್ಲ ತಿಳಿದಿತ್ತು. ಗಾಡಿ ಅಡವಿಯಲ್ಲಿ ನಿಂತದ್ದು, ನಾನು ಮುದುಕನ ದನಿಯಲ್ಲಿ ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತು. ಪಂಚಮಿ ಹತ್ತಿರ ಬಂದಾಗ ನಮ್ಮ ಕಟ್ಟೆಯ ಮೇಲೆ ಕೂತು, ಗಾಡಿಯಲ್ಲಿ ಸತ್ತವನ ವಾಸ ಇದೆ, ಹುಬ್ಬಳ್ಳಿಯ ಕಡೆ ಗಿರಾಕಿ ನೋಡುತ್ತೇನೆ, ಕೈತೊಳೆದುಕೊಳ್ಳಿ ಎಂದು ಕಾಕಾನ ತಲೆ ತಿಂದ. ಕಾಕಾ ಅಂಜಿದ್ದು ನಿಜ. "ಮಾರಿಬಿಡೂಣೇನ ಹಂಗಾದ್ರ?" ಎಂದು ಒಳಗೆ ಮುಖ ಮಾಡಿ ಕೇಳಿದ.

ಅಕ್ಕಿ ಆರಿಸುತ್ತಿದ್ದ ಕಾಕೂ ಮೊರದಿಂದ ತಲೆಯೆತ್ತಲಿಲ್ಲ.

"ಪಂಚಮಿಗೆ ನಾ ಅದರಾಗ ಇಂದೂರಿಗೆ ಹೋಗಾಕಿ. ಅಂಜಿಕಿ ಬರೂದಿದ್ರ ನೀವು ಬಸ್ಸಿಗೆ ಬರ್ರಿ."