ನಿಮ್ಮ ಕುಟುಂಬದ ಮಗು

ಮಗಳು ನನ್ನೊಡನೆ ಮೊದಲ ಸಲ ಕನ್ನಡದಲ್ಲಿ ಮಾತಾಡಿದ್ದು ಹಂಪನಕಟ್ಟೆಯ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ. ಆಗ ಅವಳಿಗೆ ಒಂಬತ್ತು ವರ್ಷ. ನಾವು ತುಳು ಮಾತಾಡುವ ಮನೆಯವರು. ಕನ್ನಡವೇನಿದ್ದರೂ ಟೀಚರಿಗೆ, ಬ್ಯಾಂಕಿನವರಿಗೆ, ದಾರಿ ಕೇಳುವ ಅಪರಿಚಿತರಿಗೆ. ತಿಂಡಿ ಆಯಿತಾ ಎಂದು ನಾನು ತುಳುವಿನಲ್ಲಿ ಕೇಳಿದೆ. ಅವಳು ಮೇಜು ನೋಡುತ್ತ, "ಆಗಿದೆ. ನೀವು ಹೇಗಿದ್ದೀರಿ?" ಎಂದಳು. ಹೆತ್ತ ಅಪ್ಪ ಒಂದೇ ಮಾತಿಗೆ ಬ್ಯಾಂಕಿನವನಾಗಿಬಿಟ್ಟೆ.

ಅವಳ ತಾಯಿ ಮತ್ತು ನಾನು ಬೇರೆಯಾಗಿ ಆಗ ಮೂರು ವರ್ಷ. ಮಗಳು ಉಳ್ಳಾಲದಲ್ಲಿ ತಾಯಿಯ ಮನೆಯವರೊಂದಿಗೆ ಇದ್ದಳು. ನಾನು ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸುವವನು, ಅಲ್ಲೇ ಹತ್ತಿರ ಬಾಡಿಗೆ ಕೋಣೆ. ಮಗಳನ್ನು ನೋಡಲೂ ಬಿಡದಾದಾಗ ಕೋರ್ಟಿಗೆ ಹೋದೆ. ಭಾನುವಾರ ಹತ್ತರಿಂದ ಒಂದು ಗಂಟೆಯವರೆಗೆ ಭೇಟಿ ಎಂದಾಯಿತು. ಅವಳ ಸೋದರಮಾವ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದ, ಮತ್ತೆ ಬಂದು ಕರೆದುಕೊಂಡು ಹೋಗುತ್ತಿದ್ದ.

ಮೊದಮೊದಲು ಓಡಿ ಬಂದು ಸೊಂಟಕ್ಕೆ ಜೋತುಬೀಳುತ್ತಿದ್ದವಳು ಬರಬರುತ್ತ ದೂರವಾದಳು. ಫೋನು ಮಾಡಿದರೆ ಸ್ಪೀಕರಿನಲ್ಲಿ ಇಟ್ಟದ್ದು ತಿಳಿಯುತ್ತಿತ್ತು. ಪ್ರತಿ ಉತ್ತರಕ್ಕೂ ಮೊದಲು ಹಿಂದಿನಿಂದ ಯಾರದೋ ಪಿಸುಮಾತು. ನಾನು ಕೊಡಿಸಿದ ಚಪ್ಪಲಿ ಮುಂದಿನ ವಾರ ಅದೇ ಚೀಲದಲ್ಲಿ ಹಿಂದೆ ಬಂತು. "ನಮಗೆ ಸ್ವಲ್ಪ ನೆಮ್ಮದಿ ಬೇಕು," ಎಂದಳು ಒಮ್ಮೆ. ಒಂಬತ್ತು ವರ್ಷದವರಿಗೆ ಎಂಥ ನೆಮ್ಮದಿ? ಅದು ಯಾರ ಮಾತೆಂದು ತಿಳಿಯಲು ನಾನು ಪಂಡಿತನಾಗಬೇಕಿರಲಿಲ್ಲ. ಆ ಮಾತಿನ ಜೊತೆ ಎಂಟು ವರ್ಷ ಸಂಸಾರ ಮಾಡಿದ್ದೆ.

ನನಗೋ ಮೂಗಿನ ತುದಿಯಲ್ಲೇ ಕೋಪ. "ಇದೆಲ್ಲ ಅಮ್ಮ ಹೇಳಿಕೊಟ್ಟದ್ದಾ?" ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಕೇಳಿದೆ. ಅವಳು ಅತ್ತಳು. ಅವಳಿಗೆ ಇಷ್ಟವಾದ ಗಡ್‌ಬಡ್ ಐಸ್‌ಕ್ರೀಮ್ ಗ್ಲಾಸಿನಲ್ಲೇ ಕರಗಿ ನೀರಾಯಿತು. ಆಮೇಲೆ ಎರಡು ಭಾನುವಾರ ಹುಷಾರಿಲ್ಲ ಎಂಬ ಮೆಸೇಜು.

ಕೋರ್ಟಿನ ಕೌನ್ಸೆಲರ್ ಒಬ್ಬರು ಹೆಂಗಸು. ನನ್ನ ದೂರುಗಳನ್ನೆಲ್ಲ ತಾಳ್ಮೆಯಿಂದ ಕೇಳಿ, "ಮಗುವನ್ನು ನಿಮ್ಮ ಮೇಲೆ ತಿರುಗಿಸ್ತಾ ಇದ್ದಾರೆ ಅಂತ ನನಗೂ ಕಾಣ್ತದೆ. ಆದ್ರೆ ನೀವು ಪೊಲೀಸರ ಹಾಗೆ ವಿಚಾರಿಸಿದ್ರೆ ಅದು ಎಲ್ಲಿಗೆ ಹೋಗ್ಬೇಕು? ತಾಯಿಯನ್ನು ಬೈಬೇಡಿ. ಅವಳು ಬಂದ್ರೂ ಬಾರದಿದ್ರೂ ನೀವು ಹೋಗಿ ಕೂತ್ಕೊಳ್ಳಿ," ಎಂದರು. ಹೋಗಿ ಕೂತೆ. ಬಾಯಿ ಮುಚ್ಚಿ ಕೂರುವುದು ನನ್ನ ಜಾಯಮಾನವಲ್ಲ. ಆದರೂ ಕಲಿತೆ.

ಹಾಗೆ ಕೂತ ಒಂದು ಭಾನುವಾರ ಅವಳೇ ಕೇಳಿದಳು. "ನಾನು ಬೇಡ ಅಂತ ನೀವೇ ಹೇಳಿದ್ದಂತೆ. ಎಲ್ಲರ ಎದುರು. ಹೌದಾ?"

ಸುಳ್ಳು ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

ನಾವು ಬೇರೆಯಾಗುವ ಮಾತುಕತೆ ನಡೆದದ್ದು ಅವಳ ತಾಯಿಯ ಮನೆಯ ಚಾವಡಿಯಲ್ಲಿ. ಹಿರಿಯರ ನಡುವೆ ಕೂತಿದ್ದ ಅದೇ ಸೋದರಮಾವ, "ಮಗುವಿನ ವಿಷಯ ಎಂತ ಭಾವ?" ಎಂದು ಕೇಳಿದ್ದ. ನಾವು ಕಡಲಿನಲ್ಲಿ ಮೀನು ಹಿಡಿದು ಬಾಳಿದ ಜನ. ನಮ್ಮಲ್ಲಿ ಬಳಿ, ಅಂದರೆ ವಂಶ, ನಡೆಯುವುದು ತಾಯಿಯಿಂದ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಅವರ ವಿಷಯದಲ್ಲಿ ತಂದೆಗಿಂತ ಸೋದರಮಾವನ ಮಾತಿಗೆ ತೂಕ ಹೆಚ್ಚು. ಅಂಥ ಜಾಗದಲ್ಲಿ ಮಗು ನನಗೆ ಬೇಕೆಂದು ಹಟ ಹಿಡಿಯುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದುಕೊಂಡೆ. "ಮಗು ನಿಮ್ಮ ಕುಟುಂಬದ್ದು. ನಾನು ಕೇಳಲಿಕ್ಕೆ ಎಂತ ಉಂಟು?" ಎಂದೆ. ಹಿರಿಯರು ತಲೆದೂಗಿದರು. ದೊಡ್ಡ ಮನುಷ್ಯನಾದ ಜಂಬದಲ್ಲಿ ಎದ್ದು ಬಂದೆ. ಕೋಣೆಯ ಬಾಗಿಲು ಹಾಕಿಕೊಂಡು ಅತ್ತದ್ದನ್ನು ಯಾರೂ ನೋಡಲಿಲ್ಲ. ಅವಳ ಮನಸ್ಸು ಕೆಡಿಸಲು ಯಾರೂ ಹೊಸದಾಗಿ ಸುಳ್ಳು ಕಟ್ಟಬೇಕಿರಲಿಲ್ಲ. ನಾನಾಡಿದ್ದನ್ನೇ ಸ್ವಲ್ಪ ತಿರುಚಿದರೆ ಸಾಕಿತ್ತು.

ಬಳಿ, ಪದ್ಧತಿ ಎಂದು ಮಗಳಿಗೆ ವಿವರಿಸಲು ಹೊರಟೆ. ಎರಡು ಮಾತು ಆಡುವಷ್ಟರಲ್ಲಿ ನನಗೇ ನಾಚಿಕೆಯಾಯಿತು.

"ಹಾಗೆ ಹೇಳಿದ್ದು ತಪ್ಪು ಮಗಾ. ನೀನು ನನಗೆ ಬೇಕಿತ್ತು. ಈಗಲೂ ಬೇಕು."

ಅವಳು ಚಮಚ ಕೆಳಗಿಟ್ಟಳು. "ಮಾಮನ ಎದುರು ಹೇಳ್ತೀರಾ?"

"ಹೇಳ್ತೇನೆ."

"ಇವತ್ತೇ?"

"ಇವತ್ತೇ."

ಒಂದು ಗಂಟೆಗೆ ಸ್ಕೂಟರ್ ಬಂತು. ಇಬ್ಬರೂ ಅಂಗಡಿಯ ಮೆಟ್ಟಿಲಿಳಿದೆವು. ಚಾವಡಿಯಲ್ಲಿ ಬಾರದ ಮಾತು ಈಗ ನಾಲಗೆಯ ಮೇಲಿತ್ತು. "ಎಂತ ಭಾವ, ಸೌಖ್ಯವಾ?" ಎಂದ ಅವನು, ಹೆಲ್ಮೆಟ್ ತೆಗೆಯದೆ.

ಅಷ್ಟರಲ್ಲಿ ಮಗಳು ನನ್ನ ಅಂಗಿ ಹಿಡಿದೆಳೆದಳು. ಎಷ್ಟೋ ತಿಂಗಳ ಮೇಲೆ ಅವಳು ನನ್ನನ್ನು ಮುಟ್ಟಿದ್ದು. ಬಗ್ಗಿದೆ. ಕಿವಿಯ ಹತ್ತಿರ ಬಾಯಿ ತಂದು, "ಬೇಡ, ಹೇಳ್ಬೇಡಿ. ಮಾಮ ಮನೆಯಲ್ಲಿ ಹೇಳ್ತಾರೆ. ಅಮ್ಮ ಅಳ್ತಾರೆ. ಮತ್ತೆ ನಾನೇ ಸಮಾಧಾನ ಮಾಡ್ಬೇಕಾಗ್ತದೆ," ಎಂದಳು.

"ಸೌಖ್ಯ," ಎಂದೆ ಅವನಿಗೆ.

ಅದೇ ಮನುಷ್ಯನ ಎದುರು ಎರಡನೆಯ ಸಲ ಮಾತು ನುಂಗಿಕೊಂಡೆ. ಮೊದಲ ಸಲ ನನ್ನ ಮರ್ಯಾದೆಗಾಗಿ, ಈ ಸಲ ಅವಳು ಕೇಳಿಕೊಂಡದ್ದಕ್ಕಾಗಿ. ಸ್ಕೂಟರ್ ಸಿಟಿ ಬಸ್ಸುಗಳ ನಡುವೆ ನುಸುಳಿ ಹೋಯಿತು. ಮುಂದೆಂದೋ ಅವಳು ಈ ಭಾನುವಾರವನ್ನು ನೆನೆಯುವಾಗ, ಅಪ್ಪ ಅವತ್ತೂ ಹೇಳಲಿಲ್ಲ ಎಂಬುದಷ್ಟೇ ಉಳಿದು, ಬೇಡವೆಂದದ್ದು ತಾನೇ ಎಂಬುದು ಮರೆತುಹೋದರೆ ಎಂದು ನನಗೆ ಹೆದರಿಕೆ.