ಅಂಟು ಆರುವ ತನಕ

ನಾನು ಚಿಕ್ಕವನಿದ್ದಾಗ ನಮ್ಮ ಕಮಲಾಪುರದಲ್ಲಿ ಇದ್ದದ್ದು ಒಂದೇ ಹಿಟ್ಟಿನ ಗಿರಣಿ. ಅದೂ ಕೆಟ್ಟು ಕೂತಿತ್ತು. ಪೊಲೀಸ್ ಆ್ಯಕ್ಷನ್ ಮುಗಿದು ರಜಾಕಾರರ ಭಯ ಹೋಗಿದ್ದರೂ ಸಾಮಾನು ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ಗಿರಣಿಯ ಎಂಜಿನ್ನಿನಲ್ಲಿ ಎರಡು ಕಬ್ಬಿಣದ ಭಾಗ ಕೂಡುವ ಕಡೆ ಇಡುವ ಪ್ಯಾಕಿಂಗ್ ಹಾಳೆ ಹರಿದು ನೀರು ಸೋರುತ್ತಿತ್ತು. ಗಿರಣಿ ಸಾವಕಾರರು ಅದಕ್ಕೆ ಏನು ಬಳಿದಿದ್ದರು ಗೊತ್ತೇ? ಬಾಣಂತಿಯರ ಉಂಡಿಗೆ ಹಾಕುವ ಜಾಲಿ ಅಂಟು! ನೀರು ತಾಗಿದ್ದೇ ತಡ, ಅದು ಕರಗಿ ಪಾಯಸವಾಯಿತು. ಆಮೇಲೆ ಎಂಜಿನ್ ಮಿಸ್ತ್ರಿಯಾದ ನಮ್ಮ ಅಪ್ಪನಿಗೆ ಹೇಳಿಕಳಿಸಿದರು.

ಗಿರಣಿ ನಿಂತಿದ್ದರಿಂದ ಪೆಟ್ಟು ಬಿದ್ದದ್ದು ಅಕ್ಕನಿಗೆ. ಅವ್ವ ಬಾಣಂತಿ, ಅಜ್ಜಿಯ ಕೈಯಲ್ಲಿ ಶಕ್ತಿಯಿಲ್ಲ. ಮನೆಗೆಲ್ಲ ಜೋಳ ಬೀಸುವವಳು ಅವಳೇ. ಅಂಗೈ ತುಂಬ ಬೊಬ್ಬೆ. ಉರ್ದು ಹೋಗಿ ಶಾಲೆಯಲ್ಲಿ ಕನ್ನಡ ಪಾಠ ಆಗಷ್ಟೇ ಶುರುವಾಗಿತ್ತು. ಅಕ್ಕನಿಗೆ ಅದರ ಹುಚ್ಚು, ಇದ್ದಿಲು ಸಿಕ್ಕರೆ ಗೋಡೆಯೆಲ್ಲ ಅಕ್ಷರ. ಗಿರಣಿ ಶುರುವಾಗುವವರೆಗೆ ಶಾಲೆ ಬೇಡ ಎಂದು ಅಜ್ಜಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು.

ಅಪ್ಪ ನನ್ನನ್ನೂ ಕಲಬುರಗಿಯ ಪೇಟೆಗೆ ಕರೆದುಕೊಂಡು ಹೋದ. ಆ ಅಂಗಡಿಯ ವಾಸನೆ ಇನ್ನೂ ಮೂಗಿನಲ್ಲಿದೆ: ಅಗಸೆ ಎಣ್ಣೆ, ಸಣಬು, ಸ್ಪಿರಿಟ್ಟು. ಅಂಗಡಿಯವರು ಅರಗಿನ ಅಂಟು ತೋರಿಸಿ, ಹಚ್ಚಿದರೆ ಬೇಗ ಆರುತ್ತದೆ ಎಂದರು. ಅಪ್ಪ ಬೆರಳಿಗೆ ಹಚ್ಚಿಕೊಂಡು, ಮೂಸಿ, ಎಳೆದು ನೋಡಿದ. ಸೀಮೆಎಣ್ಣೆ ಹರಿಯುವ ಕಡೆಗೆ ಅರಗು ಸರಿ, ಬಿಸಿನೀರು ಹರಿಯುವ ಕಡೆ ಅದು ಬಿರುಕು ಬಿಡುತ್ತದೆ ಎಂದು ನನಗೆ ತಿಳಿಸಿ ಹೇಳಿದ. ಕೊನೆಗೆ ದಪ್ಪ ಹಾಳೆ, ಅಗಸೆ ಎಣ್ಣೆಯಲ್ಲಿ ಕಲಸಿ ಅಂಟಿನಂತೆ ಬಳಿಯುವ ಸಫೇದಾ ಎಂಬ ಬಿಳಿ ಪುಡಿ ಕೊಂಡ. ಅದು ಆರಲು ಒಂದು ಹಗಲು ಒಂದು ರಾತ್ರಿ ಬೇಕು.

ಮರುದಿನ ಸಂಜೆಯ ಹೊತ್ತಿಗೆ ಹಾಳೆ ಕತ್ತರಿಸಿ, ಸಫೇದಾ ಬಳಿದು, ಬೋಲ್ಟು ಬಿಗಿದಾಯಿತು. ಸಾವಕಾರರು ಈಗಲೇ ಶುರುಮಾಡು ಎಂದು ಗಂಟುಬಿದ್ದರು. ಅಷ್ಟರಲ್ಲಿ ಅಕ್ಕ ಅಳುತ್ತ ಓಡಿಬಂದಳು. ಮಾಸ್ತರರು ಹೇಳಿಕಳಿಸಿದ್ದರಂತೆ.

"ಅಪ್ಪಾ, ನಾಳಿ ಸಾಲಿಗಿ ಹೋಗದಿದ್ರ ನನ್ನ ಹೆಸರು ತೆಗೀತಾರಂತ. ಇವತ್ತೇ ಚಾಲೂ ಮಾಡು."

ಅಪ್ಪ ಜೋಡಣೆಯ ಅಂಚಿನ ಸಫೇದಾ ಮುಟ್ಟಿ, ಬೆಳ್ಳಗೆ ಮೆತ್ತಿದ ಬೆರಳನ್ನು ಅವಳಿಗೆ ತೋರಿಸಿದ.

"ಹಸಿ ಅಂಟಿನ ಮ್ಯಾಲ ಚಾಲೂ ಮಾಡಿದ್ರ ಮತ್ತ ಸೋರ್ತದವ್ವಾ. ನೀ ನಾಳಿ ಸಾಲಿಗಿ ಹೋಗು. ಇದು ಆರೋತನಕ ನಾ ಬೀಸ್ತೀನಿ."

ಮಾತಿನಂತೆ ಬೆಳಿಗ್ಗೆ ಬೀಸುಕಲ್ಲಿನ ಮುಂದೆ ಕೂತೇಬಿಟ್ಟ. ಆ ಕಾಲದಲ್ಲಿ ಗಂಡಸು ಬೀಸುವುದೆಂದರೆ! ಓಣಿಯವರು ಇಣುಕಿ ನಕ್ಕರು, ಬಳೆ ತರಲೇ ಎಂದು ಒಬ್ಬ ಕಿಚಾಯಿಸಿದ. ಅಜ್ಜಿ ನಾಚಿ ಬಾಗಿಲು ಮುಚ್ಚಿದರೆ, ಗಾಳಿ ಬರಲಿ ಎಂದು ಅಪ್ಪ ಎದ್ದು ತೆರೆದ. ಹಿಟ್ಟು ರವೆಯಂತೆ ತರಿತರಿ, ರೊಟ್ಟಿ ತಟ್ಟಿದರೆ ಚೂರುಚೂರು. ಅಕ್ಕ ಅದನ್ನೇ ಗಂಟು ಕಟ್ಟಿಕೊಂಡು ಶಾಲೆಗೆ ಹೋದಳು. ನನಗಂತೂ ಅಪ್ಪನ ಮೇಲೆ ಹೇಳಲಾರದಷ್ಟು ಹೆಮ್ಮೆ.

ಸಂಜೆ ಎಂಜಿನ್ ಟುಕ್ ಟುಕ್ ಎಂದಿತು. ಅಪ್ಪ ಜೋಡಣೆಯ ಸುತ್ತ ಕೈಯಾಡಿಸಿದ. ಒಂದು ಹನಿಯೂ ಸೋರಿರಲಿಲ್ಲ.

ಮಕ್ಕಳೇ, ನಿಮ್ಮ ಮನೆಗೆ ಹಿಟ್ಟು ಚೀಲದಲ್ಲಿ ಬರುತ್ತದೆ, ಅಂಟು ಕಣ್ಣು ಮಿಟುಕಿಸುವುದರೊಳಗೆ ಗಟ್ಟಿಯಾಗುತ್ತದೆ. ಬೆಳಗಾದರೆ ಹುಡುಗಿಯರು ಚೀಲ ಹೊತ್ತು ಶಾಲೆಯ ಬಸ್ಸು ಹತ್ತುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಅಕ್ಕ ಒಂದು ದಿನ ಶಾಲೆಗೆ ಹೋಗಲು, ಓಣಿಯೆಲ್ಲ ನಗುತ್ತಿದ್ದರೂ ಅಪ್ಪ ಜೋಳ ಬೀಸಬೇಕಾಯಿತು.