ಹಂಡೆ ಒಲೆಯ ಅವರೆಕಾಳು

ಮೊಮ್ಮಗನ ಹೆಂಡತಿ ಹೊಸೂರಿನ ದೊಡ್ಡ ಅಂಗಡಿಯಿಂದ ಒಂದು ಡಬ್ಬಿ ತಂದಳು. ತಗಡಿನ ಮುಚ್ಚಳ ಕಿತ್ತು ನನ್ನ ಮೂಗಿನ ಹತ್ತಿರ ಹಿಡಿದಳು. ಟೊಮೇಟೊ ರಸದಲ್ಲಿ ಮುಳುಗಿದ ಬಿಳಿ ಕಾಳು. "ಬೀನ್ಸು ಅಜ್ಜಿ. ಬೇಯ್ಸೇ ಇಟ್ಟವ್ರೆ. ಬಿಸಿ ಮಾಡ್ಕೊಂಡು ತಿನ್ನೋದಷ್ಟೆ," ಅಂದಳು. ಜ್ವರದ ಔಷಧಿಯ ಹಾಗೆ ಸಿಹಿ ವಾಸನೆ. ಒಂದು ಚಮಚ ಬಾಯಿಗಿಟ್ಟೆ, ಹಲ್ಲಿಗೆ ಕೆಲಸವೇ ಇಲ್ಲ. "ಯಾರೋ ಅಗಿದು ಉಗಿದಂಗೈತೆ ಕಣವ್ವ," ಅಂದೆ. ಅವಳು ಮುಖ ಊದಿಸಿಕೊಂಡು ಎದ್ದು ಹೋದಳು. ಹೋಗಲಿ. ಆದರೆ ಆ ಸಿಹಿಯ ಅಡಿಯಲ್ಲಿ ಬೆಂದ ಕಾಳಿನ ವಾಸನೆ ಒಂದು ಚೂರು ಇತ್ತು. ಅದು ನನ್ನನ್ನು ತಳಿ ಊರಿನ ಪಕ್ಕದ ನಮ್ಮ ತಾತನ ಮನೆಯ ಬಚ್ಚಲಿಗೆ ಎಳೆದುಕೊಂಡು ಹೋಯಿತು. ನಾನಾಗಿ ಹೋದದ್ದಲ್ಲ. ಆ ಮನೆಯ ಮೇಲೆ ನನಗೆ ಅಂಥ ಪ್ರೀತಿಯೇನಿಲ್ಲ.

ರಾಗಿ ಕಣ ಮುಗಿಯುವ ದಿನ ಬೆಳಗ್ಗೆ, ದುಡಿದವರಿಗೆಲ್ಲ ಅಲ್ಲಿ ಮುದ್ದೆ ಮತ್ತು ಹಂಡೆ ಒಲೆಯಲ್ಲಿ ಬೆಂದ ಅವರೆಕಾಳು. ವರ್ಷಕ್ಕೆ ಅದೊಂದೇ ದಿನ. ರಾಗಿ ಸಾಲುಗಳ ನಡುವೆ ಬೆಳೆದ ಅವರೆಯನ್ನು ಕೆಮ್ಮಣ್ಣು ಕಟ್ಟಿ ಒಣಗಿಸಿ ಇಟ್ಟಿರುತ್ತಿದ್ದರು. ನೆನೆ ಹಾಕಿದ ಕಾಳು ಮಾರನೆಯ ಸಂಜೆಗೆ ಹೆಬ್ಬೆರಳಿನ ಉಗುರಿನಷ್ಟು ಉಬ್ಬುತ್ತಿತ್ತು; ಕೈ ಹಾಕಿ ಆಡಿಸಿದರೆ ತಣ್ಣಗೆ, ನುಣ್ಣಗೆ, ಬೆರಳು ತೆಗೆಯಲು ಮನಸ್ಸು ಬರುತ್ತಿರಲಿಲ್ಲ. ಅದನ್ನು ಮಣ್ಣಿನ ಗಡಿಗೆಗೆ ಸುರಿದು, ಸಿಪ್ಪೆ ಸಮೇತ ಬೆಳ್ಳುಳ್ಳಿ, ಜಜ್ಜಿದ ಈರುಳ್ಳಿ, ಒಣಮೆಣಸಿನಕಾಯಿ, ಒಂದು ಉಂಡೆ ಬೆಲ್ಲ, ಮೇಲೆ ಹುಚ್ಚೆಳ್ಳೆಣ್ಣೆ. ಕಾಳಿನ ಮೇಲೆ ನಾಲ್ಕು ಬೆರಳು ನೀರು. ತಟ್ಟೆ ಮುಚ್ಚಿ, ಗಾಳಿ ಹೋಗದಂತೆ ಅಂಚಿಗೆಲ್ಲ ರಾಗಿ ಹಿಟ್ಟು ಮೆತ್ತಿ, ಸ್ನಾನದ ನೀರು ಕಾದ ಒಲೆಯ ಬೂದಿಯೊಳಗೆ ಹೂಳುವುದು. ಸುತ್ತ ಬೆರಣಿ, ರಾಗಿ ಹೊಟ್ಟು. ಬೆಳಗಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಬೆಳಗ್ಗೆ ಸುಟ್ಟು ಬಳೆಯಂತಾದ ಹಿಟ್ಟನ್ನು ಒಡೆದರೆ ಬರುತ್ತಿದ್ದ ಆವಿಗೆ ಕಣದಲ್ಲಿದ್ದವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಆಮೇಲೆ ಹುಣಸೆ ರಸ, ಉಪ್ಪು. ನನ್ನ ಎಳೆತನದಲ್ಲಿ ಸುಖ ಅಂತ ಒಂದಿದ್ದರೆ ಅದು ಆ ಆವಿ.

ಗಡಿಗೆ ಮಾತ್ರ ನಮ್ಮ ದೊಡ್ಡವ್ವನದು. ನಮ್ಮಪ್ಪನ ಅಣ್ಣನ ಹೆಂಡತಿ. ಕೆಟ್ಟ ಹೆಂಗಸು, ಸತ್ತು ಎಷ್ಟೋ ಕಾಲವಾಯಿತು, ಹಾಗಂತ ಒಳ್ಳೆಯವಳು ಅನ್ನಲಾರೆ. ಒಲೆಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ನಮ್ಮವ್ವ ರಾಯಕೋಟೆ ಕಡೆಯ ತೆಲುಗು ಮಾತಿನ ಮನೆಯವಳು. ಅದೊಂದೇ ನೆಪ. "ನಿನ್ಗೆ ಒಲೆ ಭಾಷೆ ಎಲ್ಲಿ ಗೊತ್ತಾಯ್ತದೆ ಅಮ್ಮಿ, ದನಗಳ್ಗಾದ್ರೆ ಯಾವ ಭಾಷೆಯಾದ್ರೂ ಆಯ್ತದೆ," ಅಂತ ಕೊಟ್ಟಿಗೆಗೆ ಅಟ್ಟುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷ ಅವ್ವ ಸಗಣಿ ಬಾಚಿದಳು, ಹುಲ್ಲು ಹೊತ್ತಳು, ಎಲ್ಲರೂ ಉಂಡ ಮೇಲೆ ಬಾಗಿಲ ಹೊರಗೆ ಕೂತು ಉಂಡಳು. ಅಪ್ಪ ಬಾಯಿ ಬಿಡದ ಗಂಡಸು. ಅವನ ಬಗ್ಗೆ ಬರೆಯುವುದಕ್ಕೂ ಏನಿಲ್ಲ.

ನನಗೆ ಏಳು ವರ್ಷವಿರುವಾಗ, ಕಣ ಮುಗಿಯುವ ಹಿಂದಿನ ದಿನ, ತಾತ ಜಗಲಿಯ ಮೇಲಿಂದ ಹೇಳಿದ: "ಈ ಸಲ ಗಡಿಗೆ ಚಿಕ್ಕ ಸೊಸೆ ಹೂಣ್ಲಿ. ಚೆನ್ನಾಗ್ ಬಂದ್ರೆ ಇನ್ಮ್ಯಾಕೆ ಒಲೆ ಇಬ್ರದ್ದೂ." ದೊಡ್ಡವ್ವ ಪಾತ್ರೆ ಕುಕ್ಕಿದಳು. ಅವ್ವ ಕೊಟ್ಟಿಗೆಗೆ ಹೋಗಿ ಕೈಯನ್ನು ಮೂರು ಸಲ ತೊಳೆದಳು.

ಒಂಬತ್ತು ವರ್ಷ ಬಾಗಿಲಾಚೆಯಿಂದ ನೋಡಿಯೇ ಎಲ್ಲ ಕಲಿತಿದ್ದಳು. ಆ ಸಂಜೆ ಅವಳ ಕೈ ಗಡಿಗೆಯ ಮೇಲೆ ಆಡಿದ್ದನ್ನು ನೋಡಬೇಕಿತ್ತು ನೀವು. ಬೆಲ್ಲ ಇಳಿಬಿಟ್ಟು, ನೀರು ಅಳೆದು, "ಇಲ್ಲೇ ಇರು, ಹಿಟ್ಟು ಕಲ್ಸ್ಕೊಂಡ್ ಬತ್ತೀನಿ," ಅಂತ ಒಳಗೆ ಹೋದಳು. ನಾನು ಗಡಿಗೆಯೊಳಗೆ ಇಣುಕಿದೆ. ಹುಣಸೆ ಇರಲಿಲ್ಲ. ದೊಡ್ಡವ್ವ ಹುಣಸೆ ಹಾಕುವುದನ್ನು ನಾನು ಕಂಡಿದ್ದೆ. ಯಾವಾಗ ಹಾಕುತ್ತಾಳೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಅವ್ವ ಮರೆತಳು, ದೊಡ್ಡವ್ವ ನಗುತ್ತಾಳೆ ಅಂದುಕೊಂಡು, ಓಡಿ ಹೋಗಿ ಒಂದು ಹಿಡಿ ಹುಣಸೆಹಣ್ಣು ತಂದು ಕಾಳಿನ ಅಡಿಗೆ ತುರುಕಿದೆ. ಅವ್ವ ಬಂದು ಅಂಚು ಮೆತ್ತಿದಳು. ನಾನು ಹೇಳಲಿಲ್ಲ. ದೊಡ್ಡ ಉಪಕಾರ ಮಾಡಿದ್ದೇನೆ ಅಂತ ಒಳಗೊಳಗೇ ಹಿಗ್ಗಿದೆ.

ಹುಳಿ ಮೊದಲೇ ಬಿದ್ದರೆ ಕಾಳು ಬೇಯುವುದಿಲ್ಲ. ಊರೆಲ್ಲ ಉರಿಸಿದರೂ ಬೇಯುವುದಿಲ್ಲ. ಬೆಳಗ್ಗೆ ಕಣದಲ್ಲಿ ತಾತನ ತಟ್ಟೆಗೆ ಬಡಿಸಿದಾಗ ಜಲ್ಲಿ ಸುರಿದ ಸದ್ದಾಯಿತು. ಒಂದು ಕಾಳು ಕಡಿದು ನೆಲಕ್ಕೆ ಉಗಿದ. ದೊಡ್ಡವ್ವ ಸೌಟು ಆಡಿಸಿ ಹುಣಸೆ ನಾರು ಎತ್ತಿ ಎಲ್ಲರಿಗೂ ತೋರಿಸಿದಳು. "ನೋಡಿ ಮಾವ, ಹಸಿ ಕಾಳ್ಗೇ ಹುಳಿ ಹಾಕವ್ಳೆ."

"ಯಾರವ್ವ ಹಾಕಿದ್ದು?" ಅಂದ ತಾತ.

ಅವ್ವ ಆ ನಾರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ರಾಗಿ ರಾಶಿಯ ಹಿಂದಕ್ಕೆ ಸರಿದೆ.

"ನಾನೇ ಮಾವ."

"ಹಂಗಾದ್ರೆ ಕೊಟ್ಟಿಗೆನೇ ನೋಡ್ಕೋ ಹೋಗು."

ಅವ್ವ ಹೋದಳು. ಸಾಯುವವರೆಗೂ ಅಲ್ಲೇ ಇದ್ದಳು. "ನಾನೇ ಮಾವ" ಅಂದ ಆ ಎರಡು ಮಾತಿಗೆ ನಾನು ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ. ನನ್ನ ಕಪಾಳಕ್ಕೆ ಬಾರಿಸಿ, ಇವಳೇ ಅಂತ ಹೇಳಬಹುದಿತ್ತು. ಎರಡು ಏಟು ತಿಂದು ಮರೆಯುತ್ತಿದ್ದೆ. ಬಾಯಿ ಮುಚ್ಚಿ ನಿಂತ ಆ ಏಳು ವರ್ಷದವಳನ್ನಂತೂ ಕೇಳಲೇಬೇಡಿ. ಅವಳ ಮೇಲಿನ ಸಿಟ್ಟು ಇದಕ್ಕಿಂತ ದೊಡ್ಡದು.

ಈಗ ಆ ಮನೆ ಇಲ್ಲ. ಗೋಡೆ ಉರುಳಿಸಿ, ಬಚ್ಚಲು ಮುಚ್ಚಿ, ಪ್ಲಾಸ್ಟಿಕ್ ಹೊದಿಸಿ ಗುಲಾಬಿ ಬೆಳೆಯುತ್ತಾರೆ. ಕಣ ಯಾವುದು, ಕೊಟ್ಟಿಗೆ ಯಾವುದು ನನಗೇ ತಿಳಿಯಲಿಲ್ಲ. ನಿಮ್ಮ ಅಜ್ಜಿಯ ಮನೆಯೂ ಹೀಗೇ ಹೋಗಿರಬಹುದು. ನೀವು ಅತ್ತುಕೊಳ್ಳಿ. ನನಗೆ ಅಳು ಬರುವುದು ಮನೆಗಲ್ಲ.

ನನಗೆ ಹತ್ತು ತುಂಬಿದ ಮೇಲೆ ದೊಡ್ಡವ್ವನೇ ಒಲೆಯ ಹತ್ತಿರ ಕರೆದು ಕಲಿಸಿದಳು. "ನಿಮ್ಮವ್ವನಂಗೆ ಆಗ್ಬ್ಯಾಡ," ಅನ್ನುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ನನ್ನ ಕೈಗೆ ಬಂದ ಈ ಅಡುಗೆ ಅವಳದೇ. ನಾನೇ ಹೂತ ಮೊದಲ ಗಡಿಗೆ ಬೆಣ್ಣೆಯಂತೆ ಬೆಂದಿತು, ಕಾಳು ಒಂದೂ ಒಡೆದಿರಲಿಲ್ಲ. ಎಲ್ಲರೂ ಉಂಡ ಮೇಲೆ ಅವ್ವನಿಗೆ ಕೊಟ್ಟಿಗೆಗೇ ತಟ್ಟೆ ಒಯ್ದೆ. ಅವಳು ಹುಲ್ಲಿನ ಕಂತೆಯ ಮೇಲೆ ಕೂತು, ನಿಧಾನವಾಗಿ, ಒಂದೊಂದೇ ಕಾಳು ತಿಂದಳು. ತಟ್ಟೆ ಮುಗಿದ ಮೇಲೆ ಕೇಳಿದಳು:

"ಹುಳಿ ಯಾವಾಗ ಹಾಕ್ದೆ?"

"ಬೆಳಗ್ಗೆ," ಅಂದೆ.

"ಹೂಂ," ಅಂದಳು. ಕೈ ತೊಳೆದುಕೊಂಡು, ಎದ್ದು ಹಸುವಿಗೆ ನೀರಿಟ್ಟಳು.